ಪಿಕಪ್ ವೈಪರ್ ನಿಂತರೆ: ಮೋಟರ್ ಬದಲಿಸುವ ಮೊದಲು ಲಿಂಕ್ ಬಿಡಿಸಿ ನೋಡಿ

ಸೆಪ್ಟೆಂಬರ್ ತಿಂಗಳು. ಹುಮನಾಬಾದ್ ಕಡೆಯಿಂದ ಹೆಸರು ಕಾಳಿನ ಚೀಲ ತುಂಬಿಕೊಂಡು ಕಲಬುರಗಿ ಗಂಜ್ ಮಾರುಕಟ್ಟೆಗೆ ಹೊರಟಿದ್ದೆ. ಕಮಲಾಪುರ ಹತ್ತಿರ ಬರುವ ಹೊತ್ತಿಗೆ ಕತ್ತಲಾಗಿತ್ತು, ಮಳೆಯೂ ಹಿಡಿಯಿತು. ವೈಪರ್ ಸ್ವಲ್ಪ ಹೊತ್ತು ನರಳುತ್ತಾ ಆಡಿತು, ಆಮೇಲೆ ಗಾಜಿನ ನಟ್ಟನಡುವೆ ನಿಂತುಬಿಟ್ಟಿತು. ಎದುರಿಗೆ ಬರುವ ಲಾರಿಯ ಬೆಳಕು ನೀರಿನಲ್ಲಿ ಹರಡಿ ಇಡೀ ಗಾಜು ಬೆಳ್ಳಗಾಯಿತು. ರಸ್ತೆಯ ಅಂಚು ಎಲ್ಲಿದೆ ಅಂತಾನೇ ಗೊತ್ತಾಗಲಿಲ್ಲ. ಹೇಗೋ ಗಾಡಿ ಬದಿಗೆ ಹಾಕಿ, ಮಳೆ ನಿಲ್ಲುವ ತನಕ ಒಂದೂವರೆ ತಾಸು ಕೂತೆ.

ಮರುದಿನ ಒಂದು ಗ್ಯಾರೇಜಿನಲ್ಲಿ ಸ್ವಿಚ್ ಹಾಕಿ ನೋಡಿ "ಮೋಟರ್ ಹೋಗ್ಯಾದ್ರಿ" ಅಂದರು. ಹೊಸ ಮೋಟರ್ ಕೂರಿಸಿದರು. ಮೂರು ವಾರಕ್ಕೆ ಅದೂ ನಿಂತಿತು. ಆಗ ನಮ್ಮ ಓಣಿಯಲ್ಲಿ ಲಾರಿ ವೈರಿಂಗ್ ಮಾಡುವ ಕಾಕಾ ಹತ್ತಿರ ಹೋದೆ. ಅವರು ಸುಟ್ಟ ಫ್ಯೂಸ್ ಬದಲಿಸಿ, "ಮೋಟರಿಗಿ ಯಾಕ ಬೈತಿ ತಮ್ಮಾ, ಮೊದಲ ಲಿಂಕ್ ಬಿಡಿಸು" ಅಂದರು. ಲಿಂಕ್ (ಮೋಟರನ್ನು ವೈಪರಿಗೆ ಜೋಡಿಸುವ ಪಟ್ಟಿ) ಬಿಡಿಸಿದ ಕೂಡಲೇ ಮೋಟರ್ ಗಿರಗಿರ ತಿರುಗಿತು. ಅದಕ್ಕೆ ಏನೂ ಆಗಿರಲಿಲ್ಲ. ಡ್ರೈವರ್ ಕಡೆಯ ವೈಪರ್ ಕೂರುವ ಗೂಟ, ಅಂದರೆ ಸ್ಪಿಂಡಲ್ ಮಾತ್ರ ಕೈಗೆ ಬಗ್ಗಲಿಲ್ಲ. ಪಕ್ಕಡ್ ಹಿಡಿದು ತಿರುಗಿಸಬೇಕಾಯಿತು. ಧೂಳು ತಿಂದು ಕಚ್ಚಿಕೊಂಡಿತ್ತು. ನಾನು ಬಿಚ್ಚಿಸಿ ಹಾಕಿದ ಹಳೆ ಮೋಟರ್ ಕೂಡ ಚೆನ್ನಾಗಿಯೇ ಇತ್ತು. ಅದು ಈಗಲೂ ನನ್ನ ಹತ್ತಿರ ಸ್ಪೇರ್ ಆಗಿ ಇದೆ.

ಆವತ್ತಿನಿಂದ ನನ್ನ ಪಿಕಪ್‌ನ ವೈಪರ್ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಅಕ್ಕಪಕ್ಕದವರ ಗಾಡಿಗೂ ಮಾಡಿಕೊಟ್ಟಿದ್ದೇನೆ. ಕಲಿತದ್ದನ್ನು ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ. ಕಂಪನಿ ಯಾವುದೇ ಇರಲಿ, 12 ವೋಲ್ಟ್ ಬ್ಯಾಟರಿಯ ಪಿಕಪ್ ಆದರೆ ಪರೀಕ್ಷೆ ಮಾಡುವ ಕ್ರಮ ಹೆಚ್ಚುಕಡಿಮೆ ಒಂದೇ.

ಮೊದಲು ಭಾಗಗಳ ಪರಿಚಯ

ಗಾಜಿಗೆ ತಾಗುವ ರಬ್ಬರ್ ಇರುವುದು ಬ್ಲೇಡ್. ಅದನ್ನು ಹಿಡಿದಿರುವ ಸ್ಪ್ರಿಂಗ್ ಕೈ ಆರ್ಮ್. ಆರ್ಮ್ ಕೂರುವ ಹಲ್ಲಿನ ಗೂಟ ಸ್ಪಿಂಡಲ್. ಎರಡು ಸ್ಪಿಂಡಲ್‌ಗಳನ್ನು ಜೋಡಿಸುವ ಕಬ್ಬಿಣದ ಪಟ್ಟಿಗಳು ಲಿಂಕ್ ರಾಡ್. ಇವನ್ನು ಅತ್ತಿತ್ತ ಎಳೆಯುವುದು ಮೋಟರಿನ ಶಾಫ್ಟ್‌ಗೆ ಕೂತಿರುವ ಕ್ರ್ಯಾಂಕ್. ಮೋಟರ್ ಒಂದೇ ದಿಕ್ಕಿಗೆ ಸುತ್ತುತ್ತದೆ. ಅದನ್ನು ಅತ್ತಿತ್ತ ಆಡುವ ಚಲನೆಯಾಗಿ ಬದಲಿಸುವುದು ಈ ಕ್ರ್ಯಾಂಕ್ ಮತ್ತು ರಾಡ್.

ಮೋಟರಿನ ಒಳಗೆ ಮೂರು ಕಾರ್ಬನ್ (ಸುತ್ತುವ ಭಾಗಕ್ಕೆ ತಾಗಿ ಕರೆಂಟ್ ದಾಟಿಸುವ ತುಂಡುಗಳು) ಇರುತ್ತವೆ. ಒಂದು ಎರಡಕ್ಕೂ ಸಾಮಾನ್ಯ, ಒಂದು ನಿಧಾನ ಸ್ಪೀಡಿಗೆ, ಇನ್ನೊಂದು ಜೋರು ಸ್ಪೀಡಿಗೆ. ಮೋಟರ್ ಬಲು ವೇಗವಾಗಿ ಸುತ್ತುತ್ತದೆ. ಅದನ್ನು ನಿಧಾನ ಮಾಡಿ ಬಲ ಹೆಚ್ಚಿಸುವುದು ವರ್ಮ್ ಗೇರು. ಆ ಗೇರ್ ಡಬ್ಬಿಯಲ್ಲೇ ಒಂದು ತಾಮ್ರ ಅಥವಾ ಹಿತ್ತಾಳೆ ತಟ್ಟೆ ಇರುತ್ತದೆ. ನೀವು ಸ್ವಿಚ್ ಆಫ್ ಮಾಡಿದ ಮೇಲೂ ವೈಪರ್ ಗಾಜಿನ ಕೆಳಗಿನ ತನಕ ಹೋಗಿ ನಿಲ್ಲುತ್ತದಲ್ಲ, ಆ ಕೆಲಸ ಈ ತಟ್ಟೆಯದು. ಇದನ್ನು ಪಾರ್ಕ್ ಸ್ವಿಚ್ ಅನ್ನುತ್ತಾರೆ. ಮುಂದೆ ಇದರ ಮಾತು ಮತ್ತೆ ಬರುತ್ತದೆ.

ನಮ್ಮ ಕಡೆ ಸ್ಪಿಂಡಲ್ ಜಾಸ್ತಿ ಕಚ್ಚಿಕೊಳ್ಳುವುದಕ್ಕೆ ಕಾರಣ ಇದೆ. ಸೇಡಂ, ಚಿತ್ತಾಪುರ, ವಾಡಿ ಕಡೆ ಸಿಮೆಂಟ್ ಮತ್ತು ಸುಣ್ಣದ ಕಲ್ಲಿನ ಧೂಳು. ಶಹಾಬಾದ್ ಕಡೆ ಫರಸಿ ಕೊಯ್ಯುವ ಪುಡಿ. ಹೊಲದ ದಾರಿಯಲ್ಲಿ ಎರೆಮಣ್ಣು. ಇದೆಲ್ಲ ಸ್ಪಿಂಡಲ್ ಸಂದಿಗೆ ಇಳಿಯುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಬಿಸಿಲಿಗೆ ಒಳಗಿನ ಗ್ರೀಸು ಒಣಗುತ್ತದೆ. ಜೂನ್‌ನಲ್ಲಿ ಮೊದಲ ಮಳೆ ಬಿದ್ದಾಗ ಧೂಳು ನೀರು ಕುಡಿದು ಗಟ್ಟಿಯಾಗುತ್ತದೆ. ಸಿಮೆಂಟ್ ಧೂಳಿದ್ದರಂತೂ ಕಲ್ಲೇ ಆಗುತ್ತದೆ. ಎಂಟು ತಿಂಗಳು ಸುಮ್ನೆ ಕೂತಿದ್ದ ವೈಪರ್ ಆವತ್ತೇ ಕೆಲಸಕ್ಕೆ ಇಳಿಯಬೇಕು. ಮೋಟರ್ ಎಷ್ಟು ಅಂತ ಎಳೆದೀತು?

ಬೇಕಾದ ಸಾಮಾನು

ಪಾನಾ ಸೆಟ್ಟು (ಆರ್ಮ್ ನಟ್ಟಿಗೆ ಗಾಡಿ ನೋಡಿಕೊಂಡು 10ರಿಂದ 14 ನಂಬರ್ ತನಕ ಬೇಕಾಗಬಹುದು), ಅಗಲ ಬಾಯಿಯ ಸ್ಕ್ರೂ ಡ್ರೈವರ್, ಪಕ್ಕಡ್, ತಂತಿ ಬ್ರಷ್, ಎಮರಿ ಪೇಪರ್, ಗ್ರೀಸು, ಒಂದು ಡಬ್ಬಿ ಡೀಸೆಲ್, ಹಳೆ ಬಟ್ಟೆ, ಮಲ್ಟಿಮೀಟರ್. ಇದರ ಜೊತೆ ಒಂದು ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. 12 ವೋಲ್ಟ್, 21 ವ್ಯಾಟ್ ಇಂಡಿಕೇಟರ್ ಬಲ್ಬಿಗೆ ಎರಡು ಉದ್ದ ವೈರ್ ಬೆಸುಗೆ ಹಾಕಿದರೆ ಆಯಿತು.

ಎಲ್‌ಇಡಿ ಟೆಸ್ಟರ್ ಯಾಕೆ ಬೇಡ ಅಂದರೆ, ತುಕ್ಕು ತಿಂದು ಒಂದೇ ಎಳೆ ಉಳಿದ ವೈರಿನಲ್ಲೂ ಅದು ಉರಿಯುತ್ತದೆ. ಮಲ್ಟಿಮೀಟರ್ ಕೂಡ 12 ವೋಲ್ಟ್ ತೋರಿಸುತ್ತದೆ. ಆದರೆ ಆ ವೈರಿಗೆ ಮೋಟರ್ ಎಳೆಯುವ ಶಕ್ತಿ ಇರುವುದಿಲ್ಲ. 21 ವ್ಯಾಟ್ ಬಲ್ಬು ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ವೈರ್ ಸೋತಿದ್ದರೆ ಬಲ್ಬು ಮಂಕಾಗಿ ಅದನ್ನು ತೋರಿಸಿಕೊಡುತ್ತದೆ.

ಕೈ ಹಾಕುವ ಮೊದಲು ಮೂರು ಮಾತು. ಲಿಂಕ್ ಹತ್ತಿರ ಬೆರಳು ಇರುವಾಗ ಕೀ ಆಫ್ ಆಗಿರಲಿ, ವೈಪರ್ ಫ್ಯೂಸ್ ಕಿತ್ತಿರಲಿ. ಆ ಲಿಂಕ್ ಬೆರಳನ್ನು ಕತ್ತರಿಸುವಷ್ಟು ಬಲದಿಂದ ಬರುತ್ತದೆ, ಇದನ್ನು ದಯವಿಟ್ಟು ಹಗುರ ತಗೋಬೇಡಿ. ಎರಡನೆಯದು, ಬ್ಲೇಡ್ ಬಿಚ್ಚಿದ ಆರ್ಮ್ ಜಾರಿ ಬಿದ್ದರೆ ಗಾಜು ಸೀಳುತ್ತದೆ. ಗಾಜಿನ ಮೇಲೆ ದಪ್ಪ ಟವೆಲ್ ಮಡಚಿ ಇಡಿ. ಮೂರನೆಯದು, ಒಣ ಗಾಜಿನ ಮೇಲೆ ವೈಪರ್ ಓಡಿಸಬೇಡಿ. ಪ್ರತಿ ಪರೀಕ್ಷೆಗೂ ಮೊದಲು ಒಂದು ತಂಬಿಗೆ ನೀರು ಸುರಿಯಿರಿ.

ಹಂತ 1: ರೋಗ ಲಕ್ಷಣ ಗುರುತಿಸಿ

ಒಬ್ಬರನ್ನು ಸೀಟಿನಲ್ಲಿ ಕೂರಿಸಿ. ಗಾಜಿಗೆ ನೀರು ಹಾಕಿ, ಕೀ ಆನ್ ಮಾಡಿಸಿ, ವೈಪರ್ ಸ್ವಿಚ್ ಒಂದೊಂದೇ ಸ್ಪೀಡಿಗೆ ಹಾಕಿಸಿ. ನೀವು ಹೊರಗೆ ನಿಂತು ಕಿವಿಗೊಡಿ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಸದ್ದೇ ಇಲ್ಲ, ಚಲನೆಯೂ ಇಲ್ಲ ಅಂದರೆ ಫ್ಯೂಸ್, ಸ್ವಿಚ್, ವೈರ್, ಅರ್ಥ್ (ಬ್ಯಾಟರಿ ಮೈನಸ್‌ಗೆ ಸೇರುವ ಗಾಡಿಯ ಬಾಡಿ ಅಥವಾ ವೈರ್) ಅಥವಾ ಮೋಟರಿನ ಕಾರ್ಬನ್. ಮೋಟರ್ ಹುಂ ಅನ್ನುತ್ತದೆ ಆದರೆ ಆರ್ಮ್ ಅಲುಗುವುದಿಲ್ಲ ಅಂದರೆ ಸ್ಪಿಂಡಲ್ ಕಚ್ಚಿದೆ. ಕೂಡಲೇ ಆಫ್ ಮಾಡಿಸಿ. ಹಾಗೆ ಸಿಕ್ಕಿಕೊಂಡ ಮೋಟರ್ ಮಾಮೂಲಿಗಿಂತ ನಾಲ್ಕೈದು ಪಟ್ಟು ಕರೆಂಟ್ ಎಳೆದು ಸುಡುತ್ತದೆ. ಮೋಟರ್ ಆರಾಮಾಗಿ ಸುತ್ತುವ ಸದ್ದು ಕೇಳಿ, ಎರಡೂ ಆರ್ಮ್ ನಿಂತೇ ಇದ್ದರೆ ಕ್ರ್ಯಾಂಕ್ ಹತ್ತಿರದ ಬುಶ್ (ಲಿಂಕ್ ರಾಡ್ ತುದಿಯ ಪ್ಲಾಸ್ಟಿಕ್ ಬಟ್ಟಲು) ಕಳಚಿದೆ, ಇಲ್ಲವೇ ಗೇರಿನ ಪ್ಲಾಸ್ಟಿಕ್ ಹಲ್ಲು ತಿಂದುಹೋಗಿದೆ. ಒಂದೇ ಆರ್ಮ್ ಆಡುತ್ತಿದ್ದರೆ ಕರೆಂಟಿನ ಕಡೆ ನೋಡುವುದೇ ಬೇಡ, ಸೀದಾ ಹಂತ 3ಕ್ಕೆ ಹೋಗಿ.

ಜೋರು ಸ್ಪೀಡಿನಲ್ಲಿ ಮಾತ್ರ ಓಡುತ್ತದೆ, ನಿಧಾನದಲ್ಲಿ ಇಲ್ಲ ಅಂದರೆ ನಿಧಾನದ ಕಾರ್ಬನ್ ಸವೆದಿದೆ ಅಥವಾ ಸ್ವಿಚ್ಚಿನ ಆ ಪಾಯಿಂಟ್ ಸುಟ್ಟಿದೆ. ಇದರ ಉಲ್ಟಾ ಆದರೂ ಲೆಕ್ಕ ಅದೇ. ಆಫ್ ಮಾಡಿದ ಜಾಗದಲ್ಲೇ ನಿಂತುಬಿಡುತ್ತದೆ ಅಂದರೆ ಪಾರ್ಕ್ ಸ್ವಿಚ್. ಬಿಟ್ಟು ಬಿಟ್ಟು ಒರೆಸುವ ಸ್ಪೀಡಿನಲ್ಲಿ ಪೂರ್ತಿ ಸುತ್ತು ಹೋಗದೆ ಸಣ್ಣದಾಗಿ ಜಗ್ಗಿ ಜಗ್ಗಿ ನಿಲ್ಲುತ್ತಿದ್ದರೆ ಅದೂ ಪಾರ್ಕ್ ಸ್ವಿಚ್ಚೇ. ಯಾಕಂದರೆ ರಿಲೇ (ಬಿಟ್ಟು ಬಿಟ್ಟು ಕರೆಂಟ್ ಕೊಡುವ ಸಣ್ಣ ಡಬ್ಬಿ) ಕೊಡುವುದು ಒಂದು ಸಣ್ಣ ತಳ್ಳು ಮಾತ್ರ, ಉಳಿದ ಸುತ್ತನ್ನು ಪೂರೈಸುವುದು ಪಾರ್ಕ್ ತಟ್ಟೆ. ಎಷ್ಟೋ ಜನ ಇದಕ್ಕೆ ರಿಲೇ ಬದಲಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ಬೇರೆ ಸ್ಪೀಡ್ ಸರಿ ಇದ್ದು, ಆಫ್ ಮಾಡಿದಾಗ ಸರಿಯಾಗಿ ಕೆಳಗೆ ನಿಂತು, ಬಿಟ್ಟು ಬಿಟ್ಟು ಒರೆಸುವುದು ಮಾತ್ರ ಇಲ್ಲ ಅಂದಾಗ ರಿಲೇ ನೋಡಿ.

ಇನ್ನೊಂದು ಸಣ್ಣ ಪರೀಕ್ಷೆ. ಗಾಜಿಗೆ ನೀರು ಚಿಮ್ಮಿಸುವ ಬಟನ್ ಒತ್ತಿ. ಎಷ್ಟೋ ಗಾಡಿಗಳಲ್ಲಿ ಅದಕ್ಕೂ ವೈಪರಿಗೂ ಒಂದೇ ಫ್ಯೂಸ್. ನೀರಿನ ಪಂಪೂ ಸತ್ತಿದ್ದರೆ ಫ್ಯೂಸ್ ಅಥವಾ ಕೀ ಕಡೆಯಿಂದ ಬರುವ ಕರೆಂಟೇ ಇಲ್ಲ ಅಂತ ಲೆಕ್ಕ.

ಹಂತ 2: ಫ್ಯೂಸ್

ಫ್ಯೂಸ್ ಡಬ್ಬಿ ಸಾಮಾನ್ಯವಾಗಿ ಡ್ಯಾಶ್‌ಬೋರ್ಡ್ ಕೆಳಗೆ ಅಥವಾ ಬಾನೆಟ್ ಒಳಗೆ ಇರುತ್ತದೆ. ಮುಚ್ಚಳದ ಒಳಗೆ ಯಾವುದು ವೈಪರಿನದು ಅಂತ ಚಿತ್ರ ಇರುತ್ತದೆ. ಹೆಚ್ಚಾಗಿ 15 ಅಥವಾ 20 ಆಂಪಿಯರ್. ಬಣ್ಣದಿಂದಲೇ ಗುರುತು ಹಿಡಿಯಬಹುದು: 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಕಣ್ಣಿಗೆ ಚೆನ್ನಾಗಿ ಕಂಡರೂ ನಂಬಬೇಡಿ. ಕೂದಲೆಳೆಯಷ್ಟು ಬಿರುಕು ಕಾಣುವುದಿಲ್ಲ. ಟೆಸ್ಟ್ ಲ್ಯಾಂಪಿನ ಒಂದು ತುದಿ ಅರ್ಥಿಗೆ ಹಿಡಿದು, ಕೀ ಆನ್ ಮಾಡಿ, ಫ್ಯೂಸ್ ತಲೆಯ ಎರಡೂ ಲೋಹದ ಚುಕ್ಕೆಗೆ ಮುಟ್ಟಿಸಿ. ಎರಡೂ ಕಡೆ ಉರಿಯಬೇಕು.

ಸುಟ್ಟಿದ್ದರೆ ಅದೇ ಆಂಪಿಯರಿನ ಫ್ಯೂಸ್ ಹಾಕಿ. ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದ, ವೈರಿನ ಎಳೆ, 15ರ ಜಾಗಕ್ಕೆ 30, ಇದು ಯಾವುದೂ ಬೇಡ. ಆಗ ಫ್ಯೂಸಿನ ಬದಲು ಡ್ಯಾಶ್‌ಬೋರ್ಡ್ ಹಿಂದಿನ ವೈರ್ ಸುಡುತ್ತದೆ. ಅಲ್ಲಿಂದ ಕ್ಯಾಬಿನ್‌ಗೆ ಬೆಂಕಿ ಹತ್ತಲು ಎಷ್ಟು ಹೊತ್ತು? ಹೊಸ ಫ್ಯೂಸೂ ಸುಟ್ಟರೆ ಮೂರನೆಯದನ್ನು ಹಾಕಿ ನೋಡಬೇಡಿ. ಎಲ್ಲೋ ಲಿಂಕ್ ಬಿಗಿಯಾಗಿದೆ ಅಥವಾ ವೈರ್ ಬಾಡಿಗೆ ತಾಗುತ್ತಿದೆ. ಮೇಲೆ ಹೇಳಿದ ನನ್ನ ಗಾಡಿಯಲ್ಲಿ ಆ ಮಳೆಗೆ ಒಂದು ತಿಂಗಳು ಮೊದಲೇ ಒಂದು ಫ್ಯೂಸ್ ಸುಟ್ಟಿತ್ತು. ಅದನ್ನು ಬದಲಿಸಿ ಹಾಗೇ ಬಿಟ್ಟಿದ್ದೆ. ಆವತ್ತು ಹುಡುಕಿದ್ದರೆ ಕಮಲಾಪುರದಲ್ಲಿ ಕೂರುವ ಪಾಡು ಬರುತ್ತಿರಲಿಲ್ಲ.

ಹಂತ 3: ಆರ್ಮ್ ಮತ್ತು ಲಿಂಕ್

ಇಲ್ಲಿ ಅವಸರ ಮಾಡಬೇಡಿ. ನಾನು ನೋಡಿದ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಸಿಕ್ಕಿದ್ದು ಈ ಹಂತದಲ್ಲೇ.

ಆರ್ಮ್ ಬುಡದ ಪ್ಲಾಸ್ಟಿಕ್ ಟೋಪಿ ಎಬ್ಬಿಸಿ. ಒಳಗೆ ನಟ್ಟು ಇರುತ್ತದೆ. ಅದು ಸಡಿಲ ಇದ್ದರೆ ಸ್ಪಿಂಡಲ್ ತಿರುಗುತ್ತದೆ, ಆರ್ಮ್ ತಿರುಗುವುದಿಲ್ಲ. ನಟ್ಟು ಬಿಗಿ ಮಾಡಿದರೆ ಕೆಲಸ ಮುಗಿಯಬಹುದು. ಆದರೆ ಸಡಿಲ ನಟ್ಟಿನಲ್ಲೇ ಬಹಳ ದಿನ ಓಡಿಸಿದ್ದರೆ ಆರ್ಮಿನ ಒಳಗಿನ ಹಲ್ಲು ಸವೆದಿರುತ್ತದೆ. ಆರ್ಮ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಹಲ್ಲು ನುಣ್ಣಗಾಗಿದ್ದರೆ ಆರ್ಮ್ ಬದಲಿಸಿ. ತಗಡಿನ ಚೂರು ತುರುಕಿ ಬಿಗಿ ಮಾಡಿದರೆ ಊರು ಮುಟ್ಟಬಹುದು, ಅಷ್ಟೇ.

ಬಿಚ್ಚುವ ಮೊದಲು ಬ್ಲೇಡ್ ಗಾಜಿನ ಮೇಲೆ ಎಲ್ಲಿ ಕೂತಿದೆ ಅಂತ ಟೇಪ್ ಅಂಟಿಸಿ ಗುರುತು ಮಾಡಿ. ವೈಪರ್ ನಡುವೆ ನಿಂತುಬಿಟ್ಟಿದ್ದರೆ ಈ ಗುರುತಿಗೆ ಅರ್ಥ ಇಲ್ಲ, ಹಂತ 6ರಲ್ಲಿ ಸರಿಮಾಡಿಕೊಳ್ಳೋಣ. ಆರ್ಮ್ ಸ್ಪಿಂಡಲ್‌ಗೆ ಕಚ್ಚಿಕೊಂಡಿದ್ದರೆ ಸ್ಕ್ರೂ ಡ್ರೈವರ್ ಮೀಟಿ ಎಬ್ಬಿಸಬೇಡಿ, ಕೆಳಗಿನ ತಗಡು ಬಗ್ಗುತ್ತದೆ, ಗಾಜಿನ ಅಂಚಿಗೆ ತಾಗಿದರೆ ಗಾಜೂ ಹೋಗುತ್ತದೆ. ಡಬ್ಲ್ಯೂಡಿ 40 (ತುಕ್ಕು ಸಡಿಲಿಸುವ ಸ್ಪ್ರೇ) ಹೊಡೆದು ಹತ್ತು ನಿಮಿಷ ಬಿಡಿ. ಆಮೇಲೆ ಆರ್ಮನ್ನು ಅರ್ಧ ಎತ್ತಿ, ಬುಡವನ್ನು ಎಡಕ್ಕೆ ಬಲಕ್ಕೆ ಸಣ್ಣಗೆ ಅಲ್ಲಾಡಿಸುತ್ತಾ ಮೇಲಕ್ಕೆ ಎಳೆಯಿರಿ.

ಈಗ ಗಾಜಿನ ಬುಡದ ಕಪ್ಪು ಪ್ಲಾಸ್ಟಿಕ್ ಜಾಲರಿ ಬಿಚ್ಚಿ. ಲಿಂಕ್ ಅದರ ಕೆಳಗೆ ಇರುತ್ತದೆ. ಬಾನೆಟ್ ಇಲ್ಲದ ಸಣ್ಣ ಗಾಡಿಗಳಲ್ಲಿ ಮುಖದ ಪ್ಯಾನೆಲ್ ತೆಗೆಯಬೇಕಾಗಬಹುದು. ಜಾಲರಿ ಒಳಗೆ ಮೊದಲು ಕಾಣುವುದು ಕಸ. ತೊಗರಿ ಸಾಗಿಸುವ ಗಾಡಿಯಾದರೆ ಹೊಟ್ಟು, ಬೇವಿನ ಎಲೆ, ಮಣ್ಣು ಎಲ್ಲ ಸೇರಿ ನೀರು ಹೋಗುವ ತೂತು ಮುಚ್ಚಿರುತ್ತದೆ. ಆಗ ಮಳೆ ನೀರು ಅಲ್ಲೇ ನಿಂತು ಸ್ಪಿಂಡಲ್ ಬುಡವನ್ನು, ಕೆಲವು ಗಾಡಿಯಲ್ಲಿ ಮೋಟರನ್ನೂ ನೆನೆಸುತ್ತದೆ. ಎಲ್ಲ ಬಾಚಿ ತೆಗೆದು, ನೀರು ಹಾಕಿ, ತೂತಿನಿಂದ ನೆಲಕ್ಕೆ ಸುರಿಯುತ್ತಾ ಅಂತ ಖಚಿತ ಮಾಡಿಕೊಳ್ಳಿ.

ಈಗ ಕಾಕಾ ಹೇಳಿದ ಪರೀಕ್ಷೆ. ಕ್ರ್ಯಾಂಕ್ ತುದಿಯಲ್ಲಿ ಒಂದು ಗುಂಡು, ಅದರ ಮೇಲೆ ಲಿಂಕ್ ರಾಡಿನ ಪ್ಲಾಸ್ಟಿಕ್ ಬಟ್ಟಲು ಕೂತಿರುತ್ತದೆ. ಅಗಲ ಸ್ಕ್ರೂ ಡ್ರೈವರ್ ನಡುವೆ ಇಟ್ಟು ತಿರುಚಿದರೆ ಟಕ್ ಅಂತ ಬಿಡುತ್ತದೆ. ಕ್ರ್ಯಾಂಕನ್ನು ಮೋಟರಿನಿಂದ ಬಿಚ್ಚಬೇಡಿ. ಬಿಚ್ಚಲೇಬೇಕಾದರೆ ಶಾಫ್ಟ್ ಮತ್ತು ಕ್ರ್ಯಾಂಕ್ ಮೇಲೆ ಒಂದೇ ಗೆರೆ ಎಳೆದುಕೊಳ್ಳಿ. ಇಲ್ಲದಿದ್ದರೆ ವೈಪರ್ ಎಲ್ಲೆಲ್ಲೋ ನಿಲ್ಲುತ್ತದೆ.

ರಾಡ್ ಬಿಟ್ಟ ಮೇಲೆ ಎರಡು ಕೆಲಸ. ಒಂದು, ಕೈ ದೂರ ಇಟ್ಟು ಫ್ಯೂಸ್ ಹಾಕಿ ಸ್ವಿಚ್ ಆನ್ ಮಾಡಿಸಿ. ಮೋಟರ್ ಚುರುಕಾಗಿ ಸುತ್ತಿದರೆ ಅದು ಬದುಕಿದೆ. ಎರಡು, ಫ್ಯೂಸ್ ಮತ್ತೆ ಕಿತ್ತು, ರಾಡ್ ಹಿಡಿದು ಲಿಂಕನ್ನು ಕೈಯಿಂದ ಆಡಿಸಿ. ಎರಡು ಬೆರಳಿಗೆ ಸಲೀಸಾಗಿ ಆಡಬೇಕು. ಬಿಗಿ ಅನ್ನಿಸಿದರೆ ರಾಡುಗಳನ್ನು ಪೂರ್ತಿ ಬಿಡಿಸಿ ಒಂದೊಂದೇ ಸ್ಪಿಂಡಲ್ ತಿರುಗಿಸಿ. ಕಚ್ಚಿದ್ದು ಯಾವುದು ಅಂತ ಕೈಗೇ ಗೊತ್ತಾಗುತ್ತದೆ.

ಕಚ್ಚಿದ ಸ್ಪಿಂಡಲಿಗೆ ಮೇಲಿಂದ ಎಣ್ಣೆ ಹೊಡೆಯುವುದು ಎಲ್ಲರೂ ಮಾಡುವ ಕೆಲಸ. ಅದು ನಾಲ್ಕು ದಿನ ನಡೆಯುತ್ತದೆ, ಆಮೇಲೆ ಆ ಎಣ್ಣೆಗೇ ಧೂಳು ಅಂಟಿ ಮೊದಲಿಗಿಂತ ಬಿಗಿಯಾಗುತ್ತದೆ. ಬಿಚ್ಚಿ ತೊಳೆಯುವುದೇ ಸರಿ. ಲಿಂಕ್ ಫ್ರೇಮಿನ ಬೋಲ್ಟ್ ತೆಗೆದು ಇಡೀ ಸೆಟ್ ಹೊರಗೆ ತನ್ನಿ. ಸ್ಪಿಂಡಲ್ ಮೇಲಿನ ಲಾಕ್ ರಿಂಗ್, ವಾಷರ್, ರಬ್ಬರ್ ರಿಂಗ್ ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ, ಒಂದು ಫೋಟೋ ತೆಗೆದುಕೊಳ್ಳಿ. ನಟ್ಟನ್ನು ಸ್ಪಿಂಡಲ್ ತುದಿಗೆ ಅರ್ಧ ಹಾಕಿ, ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ ಕೆಳಕ್ಕೆ ಇಳಿಸಿ. ನಟ್ಟು ಹಾಕದೆ ಸುತ್ತಿಗೆ ಹೊಡೆದರೆ ಥ್ರೆಡ್ ಹಾಳು. ನಟ್ಟು ಅಂಚಿಗೆ ಬಂದಾಗ ತೆಗೆದು ಕೈಯಿಂದ ಎಳೆಯಿರಿ.

ಹೊರಬಂದ ಗೂಟದ ಮೇಲೆ ಕಂದು ತುಕ್ಕು, ಬಿಳಿ ಪುಡಿ ಮೆತ್ತಿರುತ್ತದೆ. ಡೀಸೆಲ್‌ನಲ್ಲಿ ಅರ್ಧ ತಾಸು ನೆನೆಸಿ, ಬ್ರಷ್ ಹಾಕಿ, 400 ನಂಬರ್ ಎಮರಿ ಪೇಪರಿನಿಂದ ಸುತ್ತಲೂ ಒಂದೇ ಸಮ ಉಜ್ಜಿ. ಹೊಳಪು ಬಂದರೆ ಸಾಕು, ಜಾಸ್ತಿ ಉಜ್ಜಿದರೆ ಗೂಟ ಸಣ್ಣಗಾಗಿ ಆಮೇಲೆ ಅಲ್ಲಾಡುತ್ತದೆ. ತೂತಿನ ಒಳಗೂ ಬಟ್ಟೆ ಸುತ್ತಿದ ಕಡ್ಡಿ ಹಾಕಿ ಒರೆಸಿ. ಮರಳಿನ ಒಂದು ಕಣವೂ ಉಳಿಯಬಾರದು. ಡೀಸೆಲ್ ಪೂರ್ತಿ ಒರೆಸಿ, ಗೂಟದ ಉದ್ದಕ್ಕೂ ಲಿಥಿಯಂ ಗ್ರೀಸು ಹಚ್ಚಿ, ಮೊದಲಿನ ಕ್ರಮದಲ್ಲೇ ಜೋಡಿಸಿ. ರಬ್ಬರ್ ರಿಂಗ್ ಒಡೆದಿದ್ದರೆ ಅದೇ ಅಳತೆಯ ಹೊಸದು ಹಾಕಿ. ಧೂಳು ನೀರು ಇಳಿಯದಂತೆ ತಡೆಯುವುದು ಅದೊಂದೇ.

ಪ್ಲಾಸ್ಟಿಕ್ ಬಟ್ಟಲುಗಳನ್ನೂ ನೋಡಿ. ಗುಂಡಿನ ಮೇಲೆ ಒತ್ತಿದಾಗ ಟಕ್ ಅಂತ ಕೂರಬೇಕು, ಕೈಯಿಂದ ಎಳೆದರೆ ಸುಲಭಕ್ಕೆ ಬರಬಾರದು. ಸಡಿಲ ಇದ್ದರೆ ಬುಶ್ ಬದಲಿಸಿ. ಬುಶ್ ಬಿಡಿಯಾಗಿ ಸಿಗದಿದ್ದರೆ ಲಿಂಕ್ ಸೆಟ್ಟೇ ತರಬೇಕು. ದಾರಿಯಲ್ಲಿ ಕಳಚಿದರೆ ತಂತಿ ಸುತ್ತಿ ಕಟ್ಟಿಕೊಂಡು ಊರು ಸೇರಬಹುದು.

ಹಂತ 4: ಕರೆಂಟ್ ಬರುತ್ತಿದೆಯಾ?

ಲಿಂಕ್ ಬಿಡಿಸಿದ ಮೇಲೂ ಮೋಟರ್ ಅಲುಗಲಿಲ್ಲ ಅಂದರೆ ಮೋಟರಿನ ಕಪ್ಲರ್ (ವೈರುಗಳು ಸೇರುವ ಪ್ಲಾಸ್ಟಿಕ್ ಪ್ಲಗ್) ಬಿಡಿಸಿ. ಪಿನ್ನುಗಳ ಮೇಲೆ ಹಸಿರು ಕಿಲುಬು ಇದ್ದರೆ ಮೊದಲು ಅದನ್ನು ಕೆರೆದು ಮತ್ತೆ ಹಾಕಿ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಓಡುತ್ತದೆ.

ಇಲ್ಲದಿದ್ದರೆ ಗಾಡಿ ಕಡೆಯ ಕಪ್ಲರಿನಲ್ಲಿ ಪರೀಕ್ಷೆ. ಹೆಚ್ಚಿನ ಗಾಡಿಗಳಲ್ಲಿ ನಾಲ್ಕೈದು ವೈರ್ ಇರುತ್ತವೆ. ಬಣ್ಣ ಒಂದೊಂದು ಗಾಡಿಗೆ ಒಂದೊಂದು, ಅದರ ಮೇಲೆ ಹೋಗಬೇಡಿ. ಬಲ್ಬಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ ಕಟ್ಟಿ. ಕೀ ಆನ್, ವೈಪರ್ ಆಫ್ ಇದ್ದಾಗ ಬಲ್ಬು ಒಂದು ಪಿನ್ನಿನಲ್ಲಿ ಉರಿಯಬೇಕು. ಅದು ಪಾರ್ಕ್ ಸ್ವಿಚ್ಚಿಗೆ ಹೋಗುವ ಕರೆಂಟ್. ನಿಧಾನಕ್ಕೆ ಹಾಕಿದಾಗ ಇನ್ನೊಂದು ಪಿನ್ನಿನಲ್ಲಿ, ಜೋರಿಗೆ ಹಾಕಿದಾಗ ಮತ್ತೊಂದರಲ್ಲಿ ಉರಿಯಬೇಕು. ಈಗ ಬಲ್ಬಿನ ತುದಿಯನ್ನು ಬ್ಯಾಟರಿ ಪ್ಲಸ್‌ಗೆ ಬದಲಿಸಿ, ಅರ್ಥ್ ಪಿನ್ನಿಗೆ ಮುಟ್ಟಿಸಿ. ಅಲ್ಲೂ ಪೂರ್ತಿ ಬೆಳಕು ಬರಬೇಕು. ಅರ್ಥ್ ವೈರ್ ಇಲ್ಲದ ಮೋಟರಿಗೆ ಅದರ ಬಾಡಿಯೇ ಅರ್ಥ್. ಆಗ ಬಾಡಿಗೆ ಮುಟ್ಟಿಸಿ ನೋಡಿ.

ಪಾರ್ಕ್ ಕರೆಂಟ್ ಬಂದು ಸ್ಪೀಡಿನ ಕರೆಂಟ್ ಬರದಿದ್ದರೆ ಸ್ಟೀರಿಂಗ್ ಪಕ್ಕದ ಸ್ವಿಚ್ ಅಥವಾ ರಿಲೇ. ರಿಲೇ ಮೇಲೆ ಒಂದೇ ನಂಬರ್ ಇರುವ ಇನ್ನೊಂದು ರಿಲೇ ಗಾಡಿಯಲ್ಲೇ ಇದ್ದರೆ ಅದಲುಬದಲು ಮಾಡಿ ನೋಡಬಹುದು. ನಂಬರ್ ಬೇರೆ ಇದ್ದರೆ ಬೇಡ. ಸ್ವಿಚ್ ಒಳಗಿನ ಪಾಯಿಂಟ್ ಕೆರೆದು ಜೋಡಿಸುವುದು ಸಾಧ್ಯ, ಆದರೆ ಒಳಗಿನ ಸಣ್ಣ ಸ್ಪ್ರಿಂಗು ಗುಂಡು ಹಾರಿಹೋದರೆ ಲೈಟ್ ಸ್ವಿಚ್ಚೂ ಕೆಡುತ್ತದೆ. ಇದನ್ನು ವೈರಿಂಗ್ ಮಿಸ್ತ್ರಿಗೆ ಬಿಡುವುದು ಒಳ್ಳೆಯದು.

ವೈಪರ್ ಓಡುತ್ತದೆ ಆದರೆ ತೀರಾ ನಿಧಾನ, ಲಿಂಕೂ ಹಗುರ ಇದೆ ಅನ್ನುವವರಿಗೆ ಈ ಪರೀಕ್ಷೆ. ಎಲ್ಲ ಜೋಡಿಸಿ ವೈಪರ್ ಓಡುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಕಡ್ಡಿ ಮೋಟರ್ ಬಾಡಿಗೆ, ಇನ್ನೊಂದು ಬ್ಯಾಟರಿ ಮೈನಸ್ ಕಂಬಕ್ಕೆ ಹಿಡಿಯಿರಿ. ಅರ್ಥಿಗೆ ಬೇರೆ ವೈರ್ ಇದ್ದರೆ ಬಾಡಿಯ ಬದಲು ಕಪ್ಲರ್ ಹಿಂದಿನಿಂದ ಆ ಪಿನ್ನಿಗೆ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ಥ್ ಕೆಟ್ಟಿದೆ. ಅರ್ಥ್ ಬೋಲ್ಟ್ ಬಿಚ್ಚಿ, ಬಣ್ಣ ತುಕ್ಕು ಕೆರೆದು ಹೊಳೆಯುವ ತಗಡಿಗೆ ಬಿಗಿ ಮಾಡಿ, ಮೇಲೆ ಗ್ರೀಸು ಸವರಿ. ಡೆಂಟಿಂಗ್ ಪೇಂಟಿಂಗ್ ಆದ ಗಾಡಿಗಳಲ್ಲಿ ಬಣ್ಣದ ಮೇಲೆಯೇ ಅರ್ಥ್ ಕಟ್ಟಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

ಹಂತ 5: ಮೋಟರ್

ಕಪ್ಲರಿಗೆ ಕರೆಂಟ್, ಅರ್ಥ್ ಎರಡೂ ಚೆನ್ನಾಗಿ ಬರುತ್ತಿದೆ, ಲಿಂಕ್ ಬಿಟ್ಟಿದೆ, ಆದರೂ ಮೋಟರ್ ಸುಮ್ಮನಿದೆ. ಈಗ ಮಾತ್ರ ಮೋಟರಿನ ಮೇಲೆ ಅನುಮಾನ ಪಡಬೇಕು. ಕಪ್ಲರ್ ಮತ್ತೆ ಹಾಕಿ, ಸ್ವಿಚ್ ಆನ್ ಇಟ್ಟು ಸ್ಕ್ರೂ ಡ್ರೈವರ್ ಹಿಡಿಯಿಂದ ಮೋಟರ್ ಬಾಡಿಗೆ ಮೆಲ್ಲಗೆ ತಟ್ಟಿ. ತಟ್ಟಿದಾಗ ಓಡಿದರೆ ಕಾರ್ಬನ್ ಸವೆದಿದೆ ಅಥವಾ ಸಿಕ್ಕಿಕೊಂಡಿದೆ.

ಮೋಟರ್ ಹೊರಗೆ ತೆಗೆದು, ಉದ್ದ ಸ್ಕ್ರೂ ಬಿಚ್ಚಿ ಉರುಟು ಡಬ್ಬಿ ಎಳೆಯಿರಿ. ಒಳಗೆ ಆಯಸ್ಕಾಂತ ಇರುವುದರಿಂದ ಜಗ್ಗಿ ಹಿಡಿಯುತ್ತದೆ. ಕಾರ್ಬನ್ ತನ್ನ ಗೂಡಿನಲ್ಲಿ ಸಲೀಸಾಗಿ ಹಿಂದೆ ಮುಂದೆ ಆಡಬೇಕು. ಸ್ಪ್ರಿಂಗ್ ಒತ್ತಲಾರದಷ್ಟು ಗಿಡ್ಡ ಆಗಿದ್ದರೆ ಹೊಸ ಕಾರ್ಬನ್ ಹಾಕಿಸಿ. ಕಾರ್ಬನ್ ತಾಗುವ ತಾಮ್ರದ ಉರುಟು ಕಪ್ಪಾಗಿದ್ದರೆ ನುಣುಪು ಎಮರಿಯಿಂದ ಉಜ್ಜಿ, ತಾಮ್ರದ ಪಟ್ಟಿಗಳ ನಡುವಿನ ಸಂದಿಯ ಪುಡಿಯನ್ನು ಮೊನಚು ಕಡ್ಡಿಯಿಂದ ತೆಗೆಯಿರಿ. ಒಳಗಿನ ತಂತಿ ಸುಟ್ಟ ವಾಸನೆ ಬಂದರೆ, ಬಣ್ಣ ಕಪ್ಪಾಗಿದ್ದರೆ ಅಲ್ಲಿಗೆ ನಿಲ್ಲಿಸಿ ಹೊಸ ಮೋಟರ್ ತನ್ನಿ.

ಗೇರ್ ಡಬ್ಬಿಯ ಮುಚ್ಚಳ ಬಿಚ್ಚಿದರೆ ಗೇರು ಮತ್ತು ಪಾರ್ಕ್ ತಟ್ಟೆ ಕಾಣುತ್ತವೆ. ಹಳೆ ಗ್ರೀಸು ಮೇಣದಂತೆ ಗಟ್ಟಿಯಾಗಿದ್ದರೆ ಒರೆಸಿ, ಪ್ಲಾಸ್ಟಿಕ್ ಗೇರಿಗೆ ಹೊಂದುವ ಬಿಳಿ ಗ್ರೀಸು ಹಾಕಿ. ತಟ್ಟೆಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಹೊಳೆಯುತ್ತದೆ. ಅದನ್ನು ಮುಟ್ಟುವ ಎಲೆಯಂಥ ಕೈಗಳನ್ನು ಒಂಚೂರು ಎಬ್ಬಿಸಿ, ತಾಗುವ ಬಿಗಿ ಸಿಗುವಂತೆ ಮಾಡಿ. ನಡುವೆ ನಿಲ್ಲುವ ವೈಪರ್ ಇಷ್ಟರಲ್ಲಿ ಸರಿಯಾಗುತ್ತದೆ.

ಜೋಡಿಸುವ ಮೊದಲು ಬ್ಯಾಟರಿಯಿಂದ ನೇರ ಪರೀಕ್ಷೆ ಮಾಡಿ. ಪ್ಲಸ್ ವೈರಿಗೆ ನಡುವೆ 15 ಆಂಪಿಯರ್ ಫ್ಯೂಸ್ ಇರಲೇಬೇಕು. ಮೋಟರನ್ನು ನೆಲದ ಮೇಲೆ ಕಾಲಿನಿಂದ ಒತ್ತಿ ಹಿಡಿಯಿರಿ, ಕ್ರ್ಯಾಂಕ್ ಹತ್ತಿರ ಕೈ ಬೇಡ.

ಹಂತ 6: ಜೋಡಣೆ

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಮೊದಲೇ ಆರ್ಮ್ ಹಾಕಿಬಿಡುವುದು. ಹಾಗೆ ಮಾಡಿದರೆ ಬ್ಲೇಡ್ ಬಾನೆಟ್ಟಿಗೋ ಗಾಜಿನ ಪಕ್ಕದ ಕಂಬಕ್ಕೋ ಹೊಡೆಯುತ್ತದೆ. ಮೋಟರ್, ಲಿಂಕ್ ಎಲ್ಲ ಕೂರಿಸಿ, ಆರ್ಮ್ ಇಲ್ಲದೆ ಒಂದು ನಿಮಿಷ ಓಡಿಸಿ. ಆಫ್ ಮಾಡಿ. ಸ್ಪಿಂಡಲ್ ತಾನಾಗಿ ಪಾರ್ಕ್ ಜಾಗಕ್ಕೆ ಬಂದು ನಿಲ್ಲುತ್ತದೆ. ಈಗ ಹಲ್ಲುಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ಆರ್ಮನ್ನು ಗಾಜಿನ ಕೆಳಗಿನ ಗುರುತಿಗೆ (ಗುರುತು ಸಿಗದಿದ್ದರೆ ಗಾಜಿನ ಕೆಳ ಅಂಚಿಗೆ) ಸರಿಯಾಗಿ ಕೂರಿಸಿ ನಟ್ಟು ಬಿಗಿ ಮಾಡಿ.

ಬ್ಲೇಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಬಿಸಿಲಿಗೆ ರಬ್ಬರ್ ಒಂದೇ ಬೇಸಿಗೆಯಲ್ಲಿ ಗಟ್ಟಿಯಾಗುತ್ತದೆ, ವರ್ಷಕ್ಕೊಮ್ಮೆ ಮೇ ಕೊನೆಗೆ ಬದಲಿಸಿ. ಹಳೆಯದರ ಉದ್ದ ಅಳೆದುಕೊಂಡು ಹೋಗಿ, ಎರಡು ಕಡೆಯ ಉದ್ದ ಬೇರೆ ಇರಬಹುದು. ಗಾಜಿನ ಮೇಲಿನ ಎಣ್ಣೆ ಜಿಡ್ಡನ್ನು ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ತೊಳೆಯಿರಿ. ನೀರಿನ ಡಬ್ಬಿಗೆ ಬೋರ್‌ವೆಲ್ ಗಡಸು ನೀರು ಹಾಕಿದರೆ ತೂತು ಕಟ್ಟುತ್ತದೆ, ಫಿಲ್ಟರ್ ನೀರು ಹಾಕಿ.

ಬಾಡಿಗೆ ಗಾಡಿ ಇರುವವರಿಗೆ ಇನ್ನೊಂದು ಮಾತು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 101ನೇ ನಿಯಮದ ಪ್ರಕಾರ ಚೆನ್ನಾಗಿ ಕೆಲಸ ಮಾಡುವ ವೈಪರ್ ಇರಲೇಬೇಕು. ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಹೋದಾಗಲೂ ಅದನ್ನು ನೋಡುತ್ತಾರೆ.

ದಾರಿಯಲ್ಲೇ ನಿಂತರೆ

ಮಳೆ ಜೋರಿದ್ದರೆ ಗಾಡಿ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ನಾಲ್ಕೂ ಇಂಡಿಕೇಟರ್ ಹಾಕಿ ಕಾಯಿರಿ. ಸರಕು ತಡವಾದರೂ ಪರವಾಗಿಲ್ಲ. ಕೆಲವರು ಆರ್ಮಿಗೆ ಹಗ್ಗ ಕಟ್ಟಿ ಎರಡೂ ಕಿಟಕಿಯಿಂದ ಎಳೆಯುತ್ತಾರೆ. ಲಿಂಕ್ ಬಿಡಿಸದೆ ಹಾಗೆ ಎಳೆಯಬೇಡಿ. ವರ್ಮ್ ಗೇರು ಹಿಂದಕ್ಕೆ ತಿರುಗುವುದಿಲ್ಲ. ಎಳೆದರೆ ಆರ್ಮಿನ ಹಲ್ಲೋ ಬುಶ್ಶೋ ಕಿತ್ತುಬರುತ್ತದೆ. ಗಾಜಿಗೆ ತಂಬಾಕು ಉಜ್ಜಿದರೆ ನೀರು ಹನಿ ಕಟ್ಟದೆ ಹಾಳೆಯಂತೆ ಹರಿಯುತ್ತದೆ ಅಂತ ಹಳೆ ಡ್ರೈವರುಗಳು ಹೇಳುತ್ತಾರೆ. ತುಂತುರು ಮಳೆಯಲ್ಲಿ ಹತ್ತಿರದ ಧಾಬಾ ತನಕ ನಿಧಾನವಾಗಿ ಹೋಗುವುದಕ್ಕೆ ಅದು ಆದೀತು. ಹೆದ್ದಾರಿಯಲ್ಲಿ ಲೋಡ್ ಹೊತ್ತು ಓಡಿಸುವುದಕ್ಕೆ ಅಲ್ಲ.

ಕೊನೆಯ ಪರೀಕ್ಷೆ

ಜಾಲರಿ ಹಾಕುವ ಮೊದಲು, ಒಬ್ಬರು ಪೈಪಿನಿಂದ ಗಾಜಿಗೆ ನೀರು ಬಿಡಲಿ, ನೀವು ಹತ್ತು ನಿಮಿಷ ವೈಪರ್ ಓಡಿಸಿ. ಮೊಬೈಲಿನಲ್ಲಿ ಒಂದು ನಿಮಿಷ ಹಿಡಿದು ಎಣಿಸಿ. ನಿಧಾನದಲ್ಲಿ ಸುಮಾರು 40ರಿಂದ 45, ಜೋರಿನಲ್ಲಿ 60ರ ಆಸುಪಾಸು ಸುತ್ತು ಬಂದರೆ ಆರೋಗ್ಯವಾಗಿದೆ. ಐದಾರು ಸಲ ಬೇರೆ ಬೇರೆ ಜಾಗದಲ್ಲಿ ಆಫ್ ಮಾಡಿ, ಪ್ರತಿ ಸಲವೂ ಕೆಳಗೇ ಹೋಗಿ ನಿಲ್ಲುತ್ತದಾ ನೋಡಿ. ಕೊನೆಗೆ ಕೀ ಆಫ್ ಮಾಡಿ ಮೋಟರ್ ಮೇಲೆ ಅಂಗೈ ಇಡಿ. ಉಗುರು ಬೆಚ್ಚಗಿದ್ದರೆ ಜಾಲರಿ ಹಾಕಿ ಕ್ಲಿಪ್ ಒತ್ತಿ (ಆರ್ಮ್ ಅಡ್ಡ ಬಂದರೆ ಬಿಚ್ಚಿ, ಆಮೇಲೆ ಅದೇ ಜಾಗಕ್ಕೆ ಕೂರಿಸಿ). ಕೈ ಇಡಲಾಗದಷ್ಟು ಬಿಸಿ ಇದ್ದರೆ ಲಿಂಕ್ ಇನ್ನೂ ಎಲ್ಲೋ ಬಿಗಿ ಇದೆ. ರಾಡ್ ಬಿಡಿಸಿ, ಹಂತ 3ಕ್ಕೆ ವಾಪಸ್ ಹೋಗಿ.